ಉಪಚಾರದ ಕಾರ್ಡು

ನಮ್ಮ ಮನೆಯಲ್ಲಿ ಕಾಫಿ ಕುಡಿದವರು ಲೋಟ ಕೆಳಗಿಡುವ ಮುನ್ನ ಒಂದು ಕ್ಷಣ ಅನುಮಾನಿಸುತ್ತಾರೆ. ಟೀಪಾಯಿಯ ಮೇಲೆ ನಾನು ಅವರ ಮುಂದೆ ಸರಿಸಿರುವುದು ಮರದ ಬಿಲ್ಲೆಯೂ ಅಲ್ಲ, ಕಸೂತಿ ಹಾಕಿದ ಬಟ್ಟೆಯೂ ಅಲ್ಲ. ಎರಡು ಅಂಗೈ ಜೋಡಿಸಿದಷ್ಟು ಅಗಲದ ಹಸಿರು ಹಲಗೆ ಅದು. ಒಂದು ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳು, ಮೈತುಂಬ ಸಣ್ಣ ಸಣ್ಣ ತೂತುಗಳು, ತೂತಿನಿಂದ ತೂತಿಗೆ ಓಡುವ ಗೆರೆಗಳು. ಅದರ ಮೇಲಿದ್ದ ಎಲೆಕ್ಟ್ರಾನಿಕ್ ಚಿಪ್ಪುಗಳನ್ನೆಲ್ಲ ಯಾವತ್ತೋ ಕಿತ್ತದ್ದರಿಂದ ಲೋಟ ಅಲುಗಾಡದೆ ಕೂರುತ್ತದೆ. ಪ್ರತಿ ದೀಪಾವಳಿಗೆ ಮನೆ ಗುಡಿಸುವಾಗ ನಮ್ಮ ಯಜಮಾನರು ಇದನ್ನು ಹಳೆಯ ಪೇಪರಿನ ಕಟ್ಟಿನ ಮೇಲೆ ಇಡುತ್ತಾರೆ, ನಾನು ಅದನ್ನು ಎತ್ತಿ ಮತ್ತೆ ಟೀಪಾಯಿಯ ಮೇಲೆ ಇಡುತ್ತೇನೆ. ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ಮಾತುಕತೆ ನಿಂತು ಬಹಳ ವರ್ಷಗಳಾದವು.

ಇದೊಂದು ಕಂಪ್ಯೂಟರಿನ ಕಾರ್ಡು. ಈಗಿನ ಕಂಪ್ಯೂಟರು ಮಡಿಲಲ್ಲಿ ಕೂರುತ್ತದೆ. ನಾವು ಕಟ್ಟಿದ್ದು ಅಡುಗೆಮನೆಯ ಬೀರುವಿನಷ್ಟಿತ್ತು. ಬೀರುವಿನ ಒಂದು ಅಂಕಣದಲ್ಲಿ ಲೆಕ್ಕ ಮಾಡುವ ಯಜಮಾನ, ಅಂದರೆ ಪ್ರೊಸೆಸರ್. ಅದರ ಪಕ್ಕದಲ್ಲಿ ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿದ ಕಾರ್ಡುಗಳು. ಒಂದೊಂದು ಕಾರ್ಡಿಗೂ ಹೊರಗಿನ ಒಂದೊಂದು ಕೆಲಸ: ಒಂದು ಟೈಪು ಮಾಡಿಸುತ್ತದೆ, ಇನ್ನೊಂದು ಪೆನ್ನಿನಿಂದ ಗೆರೆ ಎಳೆಸುತ್ತದೆ, ನಮ್ಮ ಈ ಹಸಿರು ಕಾರ್ಡು ಹೊರಗಿನಿಂದ ಅಳತೆಗಳನ್ನು ತಂದು ಪ್ರೊಸೆಸರಿಗೆ ಒಪ್ಪಿಸುತ್ತದೆ. ತರುವುದು ಬೇಗ, ಒಪ್ಪಿಸುವುದು ನಿಧಾನ. ಅದೇ ಅದರ ರೋಗ. ಆ ರೋಗ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಮೊದಲು ಚಾಮರಾಜಪೇಟೆಯ ದೊಡ್ಡಮ್ಮನ ಕೋಡುಬಳೆಯ ವಿಷಯ ಹೇಳಬೇಕು. ಸ್ವಲ್ಪ ಸುತ್ತು ಬಳಸಿನ ದಾರಿ, ಬೇಸರಿಸಬೇಡಿ.

ನಾನು ಹುಟ್ಟಿ ಬೆಳೆದದ್ದು ಹಲಸೂರಿನ ಒಂದು ವಠಾರದಲ್ಲಿ. ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯವರಾದ ನಮಗೆ ಸಿಟಿಯ ನೆಂಟರ ಮನೆಗೆ ಹೋಗುವುದೆಂದರೆ ಪರದೇಶಕ್ಕೆ ಹೋದಂತೆ. ಹೊರಡುವ ಮೊದಲು ಅಮ್ಮ ನನ್ನ ಜಡೆ ಬಿಗಿಯುತ್ತಲೇ ಪಾಠ ಹೇಳುತ್ತಿದ್ದಳು. ತಿಂಡಿ ಕೊಟ್ಟರೆ ಮೊದಲನೇ ಸಲ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ ಅನ್ನಬೇಕು. ಮೂರನೇ ಸಲ ಕೇಳಿದಾಗ, ಅಮ್ಮನ ಮುಖ ನೋಡಿ, ಒಂದೇ ಒಂದು ತೆಗೆದುಕೊಳ್ಳಬೇಕು. ಕೇಳಿದ ಕೂಡಲೇ ಕೈ ಚಾಚಿದರೆ ಹಲಸೂರಿನವರು ಮಕ್ಕಳಿಗೆ ಊಟ ಹಾಕುವುದಿಲ್ಲ ಎಂದು ಸಿಟಿಯ ತುಂಬ ಸುದ್ದಿಯಾಗುತ್ತದೆ.

ಒಂದು ಸಲ ಚಾಮರಾಜಪೇಟೆಯಲ್ಲಿ ದೊಡ್ಡಮ್ಮ ಕೋಡುಬಳೆಯ ಡಬ್ಬಿಯ ಮುಚ್ಚಳ ತೆಗೆದಳು. ಇಂಗಿನ ವಾಸನೆ ನಡುಮನೆಯನ್ನೆಲ್ಲ ತುಂಬಿತು. ತಗೋ ಅಂದಳು, ಬೇಡ ಅಂದೆ. ತಗೋಳೇ ಅಂದಳು, ಬೇಡ ದೊಡ್ಡಮ್ಮ ಅಂದೆ. ಮೂರನೇ ಸಲಕ್ಕೆ ಕೈಯನ್ನು ಲಂಗದ ಮಡಿಕೆಯಿಂದ ಹೊರಗೆ ತೆಗೆದು ಸಿದ್ಧವಾಗಿ ಕೂತಿದ್ದೆ. ದೊಡ್ಡಮ್ಮ ಮುಚ್ಚಳ ಹಾಕಿ ಡಬ್ಬಿಯನ್ನು ಒಳಗೆ ಇಟ್ಟುಬಿಟ್ಟಳು. ಆ ಮುಚ್ಚಳ ಕೂತ ಶಬ್ದ ನನಗೆ ಇವತ್ತಿಗೂ ಕೇಳಿಸುತ್ತದೆ. ವಾಪಸು ಬರುವಾಗ ಕಣ್ಣಲ್ಲಿ ನೀರು ಸುರಿಸಿಕೊಂಡು ಅಮ್ಮನನ್ನು ಕೇಳಿದ್ದಕ್ಕೆ, ತಪ್ಪು ನಿನ್ನದೇ ಎಂದಳು. ಎರಡನೇ ಸಲದ ಬೇಡ ಮೊದಲನೆಯದಕ್ಕಿಂತ ಮೆತ್ತಗಿರಬೇಕಂತೆ, ನಾನು ಎರಡನ್ನೂ ಒಂದೇ ಸಮ ಗಟ್ಟಿಯಾಗಿ ಹೇಳಿದೆನಂತೆ. ಇಷ್ಟೊಂದು ಸೂಕ್ಷ್ಮ ನನ್ನ ವಯಸ್ಸಿಗೆ ಹೇಗೆ ಬರಬೇಕು.

ನಮ್ಮ ವಠಾರದ ಎದುರು ಮನೆಯ ಜುಬೇದಾಳ ಅಮ್ಮನಿಗೆ ಈ ಶಾಸ್ತ್ರವೇ ಗೊತ್ತಿರಲಿಲ್ಲ. ಹಬ್ಬದ ದಿನ ಬಾಗಿಲ ಮುಂದೆ ಹಾದುಹೋದರೆ ಸಾಕು, "ಖಾ ಲೇ ಬೇಟೀ" ಎಂದು ಶ್ಯಾವಿಗೆಯ ಬಟ್ಟಲನ್ನು ಕೈಗಿಟ್ಟೇಬಿಡುತ್ತಿದ್ದರು. ಬೇಡ ಅನ್ನಲು ಬಾಯಿ ತೆರೆದರೆ ಚಮಚ ಬಾಯೊಳಗೆ ಇರುತ್ತಿತ್ತು. ಅಮ್ಮ ಕಿಟಕಿಯಿಂದ ನೋಡಿಯೂ ನೋಡದವಳಂತೆ ಇರುತ್ತಿದ್ದಳು. ಜಗತ್ತಿನಲ್ಲಿ ಎರಡು ಥರದ ಮನೆಗಳಿವೆ ಎಂದು ನನಗೆ ತಿಳಿದದ್ದು ಆಗ. ಯಾವ ಮನೆ ಉತ್ತಮ ಎಂಬ ಬಗ್ಗೆ ಆಗ ನನಗೆ ಯಾವ ಸಂದೇಹವೂ ಇರಲಿಲ್ಲ.

ಓದು ಮುಗಿಸಿ, ಎಪ್ಪತ್ತರ ದಶಕದ ನಡುವೆ ವಿಮಾನ ನಿಲ್ದಾಣದ ದಾರಿಯಲ್ಲಿದ್ದ ಒಂದು ಸರ್ಕಾರಿ ಪ್ರಯೋಗಶಾಲೆಗೆ ಇಂಜಿನಿಯರಾಗಿ ಸೇರಿದೆ. ನಮ್ಮ ವಿಭಾಗದ ಮುಖ್ಯಸ್ಥರು ವಾಸುದೇವಯ್ಯನವರು. ತೆಳ್ಳಗಿನ ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು: ಒಂದು ಬರೆಯುವುದಕ್ಕೆ, ಇನ್ನೊಂದು ಕೇಳಿದವರಿಗೆ ಕೊಡುವುದಕ್ಕೆ. ಅವರಷ್ಟು ಮರ್ಯಾದಸ್ಥರನ್ನು ನಾನು ಆಮೇಲೆ ನೋಡಿಲ್ಲ. ನನಗಾಗ ಇಪ್ಪತ್ತನಾಲ್ಕು, ಆದರೂ ನನ್ನನ್ನು ವಿಜಯಮ್ಮನವರೇ ಎಂದು ಕರೆಯುತ್ತಿದ್ದರು. ಕ್ಯಾಂಟೀನಿನ ನಾಯಿಗೂ ಬಹುವಚನ. ಬಾಗಿಲ ಬಳಿ ಅವರ ಜೊತೆ ಸಿಕ್ಕಿಕೊಂಡರೆ ಕಷ್ಟ. ನೀವು ಹೋಗಿ, ನೀವು ಹೋಗಿ ಎಂದು ಇಬ್ಬರೂ ನಿಂತು, ಹಿಂದಿನವರೆಲ್ಲ ಸಾಲುಗಟ್ಟುತ್ತಿದ್ದರು. ಡೊಮಿನಿಕ್ ಎಂಬ ಫ್ರೇಜರ್ ಟೌನಿನ ಹುಡುಗ ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಅವನು ವಾಸುದೇವಯ್ಯನವರು ಬರುವುದು ಕಂಡರೆ ಕಿಟಕಿ ಹಾರಿ ಒಳಗೆ ಹೋಗುತ್ತಿದ್ದ.

ಆ ಬೀರುವಿನಂಥ ಕಂಪ್ಯೂಟರು ವಾಸುದೇವಯ್ಯನವರ ಕನಸು. ವರ್ಷಗಟ್ಟಲೆ ಬೇಡಿ, ಕಾದು, ಒಂದೊಂದೇ ಬಿಡಿಭಾಗ ಸೇರಿಸಿ ಕಟ್ಟಿದ್ದರು. ವಿಮಾನದ ರೆಕ್ಕೆಯನ್ನು ಅಲುಗಾಡಿಸಿ ಪರೀಕ್ಷೆ ಮಾಡುವಾಗ ಅದರ ಮೈಮೇಲೆ ಅಂಟಿಸಿದ, ಅಲುಗಾಟ ಹಿಡಿಯುವ ಪುಟ್ಟ ಪಟ್ಟಿಗಳಿಂದ ಅಳತೆಗಳು ಒಂದೇ ಸಮ ಬರುತ್ತವೆ. ಅವನ್ನು ಕಂಪ್ಯೂಟರು ಓದಿ, ಪೆನ್ನಿನಿಂದ ಕಾಗದದ ಮೇಲೆ ಅಲೆಯಂಥ ಗೆರೆ ಎಳೆಯಬೇಕು. ಎಳೆಯುತ್ತಿತ್ತು, ಆದರೆ ಹಲ್ಲು ಉದುರಿದ ಬಾಚಣಿಗೆಯ ಹಾಗೆ. ನಡುನಡುವೆ ಅಳತೆಗಳು ಕಾಣೆ. ಕಾರ್ಡು ಒಂದನ್ನು ಒಪ್ಪಿಸುವಷ್ಟರಲ್ಲಿ ಹಿಂದಿನಿಂದ ಬಂದ ಇನ್ನೆಷ್ಟೋ ಅಳತೆಗಳು ದಿಕ್ಕಿಲ್ಲದೆ ಕಳೆದುಹೋಗುತ್ತಿದ್ದವು.

ಬೇಸಿಗೆಯಲ್ಲಿ ದೆಹಲಿಯಿಂದ ಅಧಿಕಾರಿಗಳು ಬಂದು ನೋಡುವುದೆಂದು ನಿಶ್ಚಯವಾಗಿತ್ತು. ಗೆರೆ ತುಂಡಾಗದೆ ಬಂದರೆ ನಮ್ಮ ಯಂತ್ರವೇ ಉಳಿಯುತ್ತದೆ. ಇಲ್ಲದಿದ್ದರೆ ವಿದೇಶದಿಂದ ಒಂದನ್ನು ತರಿಸುತ್ತಾರೆ, ನಮ್ಮದನ್ನು ಬಿಚ್ಚಿ ಗೋದಾಮಿಗೆ ಹಾಕುತ್ತಾರೆ, ನಿವೃತ್ತಿಗೆ ಹತ್ತಿರವಿದ್ದ ವಾಸುದೇವಯ್ಯನವರನ್ನು ಅದೇ ಗೋದಾಮಿನ ಮೇಲ್ವಿಚಾರಣೆಗೆ ಕಳಿಸುತ್ತಾರೆ ಎಂದು ಕ್ಯಾಂಟೀನಿನಲ್ಲಿ ಮಾತಿತ್ತು. ಅವರು ಮಾತ್ರ ಏನೂ ಆಗದವರಂತೆ, ತಮ್ಮ ಯಂತ್ರದ ಧೂಳನ್ನು ದಿನವೂ ಕರ್ಚೀಫಿನಿಂದ ಒರೆಸುತ್ತಿದ್ದರು.

ಒಂದು ದಿನ ನಾನೂ ಡೊಮಿನಿಕ್ಕೂ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ತಂತಿಗಳಿಗೆ ಆಸಿಲೋಸ್ಕೋಪು ಜೋಡಿಸಿ, ತಂತಿಯಲ್ಲಿ ನಡೆಯುವುದನ್ನೆಲ್ಲ ಅದರ ಪರದೆಯ ಮೇಲೆ ನೋಡುತ್ತ ಕೂತೆವು. ಅಳತೆ ಸಾಗುವ ಕೆಲಸ ಕಣ್ಣು ಮಿಟುಕಿಸುವಷ್ಟರದ್ದು. ಮಿಕ್ಕ ಹೊತ್ತೆಲ್ಲ ಬೇರೆ ಏನೋ ನಡೆಯುತ್ತಿತ್ತು. ಪ್ರೊಸೆಸರು, ಬಿಡುವಾಗಿದ್ದೀರಾ ಎಂದು ಕೇಳುತ್ತಿತ್ತು. ಕಾರ್ಡು, ಬಿಡುವಾಗಿದ್ದೇನೆ ಅನ್ನುತ್ತಿತ್ತು. ಕೊಡುತ್ತೀರಾ? ಕೊಡುತ್ತೇನೆ. ತೆಗೆದುಕೊಳ್ಳಲೇ? ತೆಗೆದುಕೊಳ್ಳಿ. ತೆಗೆದುಕೊಂಡೆ. ಸಂತೋಷ. ಒಂದೇ ಒಂದು ಅಳತೆಗೆ ಇಷ್ಟು. ಮುಂದಿನ ಅಳತೆಗೆ ಮತ್ತೆ, ಬಿಡುವಾಗಿದ್ದೀರಾ?

ಡೊಮಿನಿಕ್ ಪರದೆಯನ್ನು ನೋಡಿ ನೋಡಿ, "ಇದು ಕೆಲಸ ಮಾಡ್ತಿಲ್ಲ ಕಣೇ, ಹೆಣ್ಣು ನೋಡೋ ಶಾಸ್ತ್ರ ಮಾಡ್ತಿದೆ" ಅಂದ.

ಈ ಪದ್ಧತಿಯನ್ನು ಬರೆದವರು ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಟೈಪು ಮಾಡಿಸುವ ಕಾರ್ಡಿಗೆ ಇದು ಸರಿಯಾಗಿಯೇ ಇತ್ತು, ಅದಕ್ಕೇನೂ ಅವಸರವಿಲ್ಲ. ಅಳತೆಯ ಕಾರ್ಡಿಗೂ ಅದೇ ಮರ್ಯಾದೆ ಇರಲಿ ಎಂದು ವಾಸುದೇವಯ್ಯನವರು ಸ್ವಂತ ಕೈಯಿಂದ ಹಾಕಿಕೊಟ್ಟ ಪದ್ಧತಿ ಅದು. ರೋಗ ತಿಳಿಯಿತು, ಮದ್ದೂ ಹೊಳೆಯಿತು. ಆದರೆ ನಿಮ್ಮ ಉಪಚಾರದಿಂದಲೇ ನಿಮ್ಮ ಯಂತ್ರ ಹಾಳಾಗುತ್ತಿದೆ ಎಂದು ಆ ಮನುಷ್ಯನಿಗೆ ಹೇಳುವವರು ಯಾರು? ಡೊಮಿನಿಕ್ ನನ್ನನ್ನು ನೋಡಿದ, ನಾನು ಕಿಟಕಿಯನ್ನು ನೋಡಿದೆ.

ಹೇಳಲೇಬೇಕೆಂದು ನಿರ್ಧರಿಸಿ, ಅವರ ಜೊತೆ ಶಿವಾಜಿನಗರದ ಗುಜರಿ ಬೀದಿಗೆ ಹೊರಟೆ. ಕಾರ್ಡು ಸಿಕ್ಕಿಸುವ ಸಾಕೆಟ್ಟುಗಳು ಅಲ್ಲಿ ಹಳೆಯ ಮಿಲಿಟರಿ ರೇಡಿಯೋಗಳ ಒಳಗೆ ಸಿಗುತ್ತಿದ್ದವು. ದಾರಿಯಲ್ಲಿ ಬಾಯಿ ತೆರೆದೆ. ಅವರು ನನ್ನನ್ನು ರಸ್ತೆಯ ಒಳಬದಿಗೆ ಬರಲು ಹೇಳಿ, ಬಿಸಿಲಿಗೆ ಛತ್ರಿ ಹಿಡಿದು, ನಿಮ್ಮ ತಾಯಿಯವರ ಕಾಲುನೋವು ಹೇಗಿದೆ ಎಂದು ಕೇಳಿದರು. ಕಾಲುನೋವಿನ ಕತೆ ಹೇಳುತ್ತಲೇ ನಾನು ಅಂಗಡಿ ತಲುಪಿದೆ. ಅಂಗಡಿಯ ಸಾಯೇಬರು "ಪೆಹಲೆ ಚಾ ಪಿಯೋ ಸಾಬ್" ಎಂದರು. ಇವರು ಬೇಡ ಎಂದರು. ಸಾಯೇಬರು ಮತ್ತೆ ಅಂದರು. ಸಾಕೆಟ್ಟು ಸಿಕ್ಕಿದ್ದು ಐದು ನಿಮಿಷದಲ್ಲಿ, ಟೀ ಬೇಡವೆನ್ನುವುದು ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನಾನು ಕಾರ್ಡಿನ ಮಾತೆತ್ತದೆ ಸಾಕೆಟ್ಟಿನ ಚೀಲ ಹೊತ್ತುಕೊಂಡು ಬಂದೆ.

ಅಷ್ಟರಲ್ಲಿ ಯುಗಾದಿ ಬಂತು. ವಾಸುದೇವಯ್ಯನವರ ಶ್ರೀಮತಿಯವರು ಮಗಳ ಬಾಣಂತನಕ್ಕೆ ಹೋಗಿದ್ದರು. ಇಂದಿರಾನಗರದಲ್ಲಿ ಅವರು ಹೊಸದಾಗಿ ಕಟ್ಟಿಸಿದ್ದ ಮನೆಯ ಸುತ್ತ ಆಗಿನ್ನೂ ಸೈಟಿನ ಕಲ್ಲುಗಳೇ ನೆರೆಹೊರೆ. ಹಬ್ಬದ ದಿನ ಆ ಬಯಲಲ್ಲಿ ಒಬ್ಬರೇ ಕೂತು ಅವಲಕ್ಕಿ ತಿನ್ನುತ್ತಾರೆಂದು ತಿಳಿದು ಅಮ್ಮನಿಗೆ ತಡೆಯಲಾಗಲಿಲ್ಲ. ಊಟಕ್ಕೆ ಕರೆಸಿದಳು. ಅಂದರೆ, ನಮ್ಮ ಸೀಮೆಯ ಉಪಚಾರದ ಇಬ್ಬರು ಮಹಾರಥಿಗಳು ನಮ್ಮ ನಡುಮನೆಯಲ್ಲಿ ಎದುರುಬದುರಾದರು.

ಎಲೆ ಹಾಕಿ ಕೂತೆವು. ಮೊದಲು ವಾಸುದೇವಯ್ಯನವರು, ಅವರ ಪಕ್ಕ ಅಪ್ಪ, ಆಮೇಲೆ ನಾನು. ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ ಎಲ್ಲ ಸುಗಮವಾಗಿ ಬಂದವು. ಒಬ್ಬಟ್ಟು ಬಂತು. ಅವರು ಒಂದನ್ನು ತಿಂದರು. ಅಮ್ಮ ಎರಡನೆಯದನ್ನು ಹಿಡಿದು ನಿಂತಳು. ಅವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಸಾಕಮ್ಮ, ಬಹಳ ಚೆನ್ನಾಗಾಯಿತು ಎಂದರು. ಅಮ್ಮ, ಏನು ತಿಂದಿದ್ದೀರಿ ಮಹಾ, ಒಂದೇ ಒಂದು ಎಂದಳು. ಅವರು ಬೇಡವೆಂದರು. ಅಮ್ಮ ಅರ್ಧವಾದರೂ ಎಂದಳು. ಅವರು ಕೈ ತೆಗೆಯಲಿಲ್ಲ, ಅಮ್ಮ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಎಡಗೈಯಲ್ಲಿದ್ದ ತುಪ್ಪದ ಗಿಂಡಿ ತಣ್ಣಗಾಗುತ್ತಿತ್ತು. ಒಲೆಯ ಮೇಲೆ ಬಿಟ್ಟುಬಂದ ಒಬ್ಬಟ್ಟು ಸೀದ ವಾಸನೆ ಬರತೊಡಗಿತು. ಅಪ್ಪನ ಎಲೆಯೂ ನನ್ನ ಎಲೆಯೂ ಖಾಲಿ.

ಅಪ್ಪ ತಾಳುವಷ್ಟು ತಾಳಿದರು. ಆಮೇಲೆ, "ಲೇ, ನೀನು ಹಾಕ್ತೀನಿ ಅನ್ನೋದು, ಅವ್ರು ಬೇಡ ಅನ್ನೋದು ಮುಗಿಯೋ ಹೊತ್ತಿಗೆ ನನಗೆ ಮುಂದಿನ ಯುಗಾದಿ ಬರುತ್ತೆ. ನಾವೂ ಇಲ್ಲಿ ಕೂತಿದ್ದೀವಿ" ಅಂದರು.

ಅಮ್ಮ ನಕ್ಕಳು. ವಾಸುದೇವಯ್ಯನವರು ನಗಲಿಲ್ಲ. ಎಲೆಯ ಮೇಲೆ ಅಡ್ಡ ಹಿಡಿದ ತಮ್ಮ ಕೈಗಳನ್ನೇ ನೋಡಿದರು. ಅಮ್ಮನ ಕೈಯ ಒಬ್ಬಟ್ಟನ್ನು ನೋಡಿದರು, ಅಪ್ಪನ ಖಾಲಿ ಎಲೆ ನೋಡಿದರು. ಕೊನೆಗೆ ಬಗ್ಗಿ ನನ್ನ ಕಡೆ ತಿರುಗಿದರು.

"ವಿಜಯಮ್ಮನವರೇ, ನಮ್ಮ ಕಾರ್ಡು ಮಾಡ್ತಿರೋದೂ ಇದನ್ನೇ ಅಲ್ವಾ?"

ನನ್ನ ಕೈಯಲ್ಲಿದ್ದ ಹಪ್ಪಳ ಕೈಯಲ್ಲೇ ಉಳಿಯಿತು. "ಹೌದು ಸರ್" ಅಂದೆ.

"ನಿಮಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಸರ್. ಹೇಗೆ ಹೇಳೋದು ಅಂತ..."

"ಅಂದ್ರೆ ನೀವೂ ಉಪಚಾರಾನೇ ಮಾಡಿದ್ರಿ" ಎಂದು ಅವರು ನಕ್ಕರು. ಅಷ್ಟು ದೊಡ್ಡದಾಗಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಗುವಾಗ ಅವರ ಕೈ ಎಲೆಯಿಂದ ಎದ್ದಿತು, ಅಮ್ಮ ಆ ಸಂದಿನಲ್ಲಿ ಒಬ್ಬಟ್ಟನ್ನು ಬೀಳಿಸಿ, ತುಪ್ಪ ಸುರಿದು, ಸೀದದ್ದನ್ನು ನೋಡಲು ಒಳಗೆ ಓಡಿದಳು. ಎದೆಯ ಮೇಲಿಂದ ಒರಳುಕಲ್ಲು ಇಳಿಸಿದಂತಾಯಿತು ನನಗೆ. ಅವತ್ತು ಮೂರು ಒಬ್ಬಟ್ಟು ತಿಂದೆ, ಯಾರೂ ಒತ್ತಾಯ ಮಾಡದೆ.

ಹೊಸ ಕಾರ್ಡಿನ ಕೆಲಸ ಮರುದಿನವೇ ಶುರುವಾಯಿತು. ಮದುವೆಮನೆಯಲ್ಲಿ ಸಾರಿನವನಿಗೆ ಎರಡು ಪಾತ್ರೆ ಇರುತ್ತವಲ್ಲ, ಒಂದರಿಂದ ಬಡಿಸುವಾಗ ಒಳಗೆ ಇನ್ನೊಂದು ತುಂಬುತ್ತಿರುತ್ತದೆ, ಹಾಗೆ ಕಾರ್ಡಿನ ಮೇಲೆ ಅಳತೆ ತುಂಬಿಡುವ ಎರಡು ಪುಟ್ಟ ನೆನಪಿನ ಚಿಪ್ಪುಗಳನ್ನು ಕೂರಿಸಿದೆವು. ಒಂದು ತುಂಬಿದ ಕೂಡಲೇ ಕಾರ್ಡು ಒಂದೇ ಸಲ ಅಪ್ಪಣೆ ಕೇಳುತ್ತದೆ. ಅಪ್ಪಣೆ ಸಿಕ್ಕರೆ ಅಷ್ಟೂ ಅಳತೆಗಳನ್ನು ಗಡಿಯಾರದ ತಾಳಕ್ಕೆ ಸರಿಯಾಗಿ, ನಡುವೆ ತುಟಿ ಬಿಚ್ಚದೆ ಸಾಗಿಸುತ್ತದೆ. ಹಳೆಯ ಕಾರ್ಡಿನ ಚಿಪ್ಪುಗಳನ್ನೇ ಕಿತ್ತು ಹೊಸದಕ್ಕೆ ಹಾಕಿದೆವು; ಆಗ ಚಿಪ್ಪು ಸಿಗುವುದು ಅಷ್ಟು ಕಷ್ಟ. ಪರದೆಯ ಮೇಲೆ ಮಾತುಕತೆಯೆಲ್ಲ ನಿಂತು ಬರೀ ಕೆಲಸ ಕಾಣಿಸಿತು. ಪೆನ್ನು ಎಳೆದ ಗೆರೆಯಲ್ಲಿ ಒಂದು ಹಲ್ಲೂ ಉದುರಿರಲಿಲ್ಲ.

ಒಂದೇ ಒಂದು ಜಗಳ ಉಳಿಯಿತು. ಪ್ರತಿ ಸಲ ಬಡಿಸಿ ಮುಗಿದ ಮೇಲೆ, ಎಲ್ಲ ಸರಿಯಾಗಿ ತಲುಪಿತೇ ಎಂದು ಕಾರ್ಡು ಒಮ್ಮೆ ಕೇಳಬೇಕು, ಕಳಿಸಿದ್ದರ ಮೊತ್ತವನ್ನೂ ಬಂದದ್ದರ ಮೊತ್ತವನ್ನೂ ತಾಳೆ ನೋಡಬೇಕು, ತಪ್ಪಿದ್ದರೆ ಅದೇ ಪಾತ್ರೆಯಿಂದ ಇನ್ನೊಮ್ಮೆ ಬಡಿಸಬೇಕು ಎಂದು ವಾಸುದೇವಯ್ಯನವರು ಹಟ ಹಿಡಿದರು. ಹಾಗೆ ಮತ್ತೆ ಬಡಿಸಿದಾಗ ಗೊತ್ತಾಗಲೆಂದು ಒಂದು ಪುಟ್ಟ ಕೆಂಪು ದೀಪವೂ ಬೇಕಂತೆ. ನಾನು ಜುಬೇದಾಳ ಅಮ್ಮನ ಪಕ್ಷ. ಇಷ್ಟೆಲ್ಲ ಉಪಚಾರ ಕಿತ್ತುಹಾಕಿದ ಮೇಲೆ ಇದೊಂದು ಯಾಕೆ, ವೇಗವೂ ಕಡಿಮೆ, ಚಿಪ್ಪೂ ದಂಡ ಎಂದು ವಾದಿಸಿದೆ. ಈಗ ನನಗೆ ಮಾತು ಬಂದುಬಿಟ್ಟಿತ್ತು ನೋಡಿ. ಅವರು ಎಲ್ಲವನ್ನೂ ಸಮಾಧಾನವಾಗಿ ಕೇಳಿದರು.

"ಬಡಿಸುವಾಗ ಕೇಳೋದು ಬೇಡ, ಒಪ್ಪಿದೆ. ಎದ್ದು ಹೋಗೋ ಮುಂಚೆ ಹೊಟ್ಟೆ ತುಂಬಿತಾ ಅಂತ ಒಂದು ಮಾತೂ ಕೇಳ್ದೆ ಕಳಿಸೋಕಾಗಲ್ಲ ವಿಜಯಮ್ಮನವರೇ" ಅಂದರು. ಮುಖ್ಯಸ್ಥರು ಅವರು, ಚಿಪ್ಪು ಹಾಕಿದೆವು. ನಾನು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ.

ಅಧಿಕಾರಿಗಳು ಬಂದ ದಿನ ಭಯಂಕರ ಸೆಕೆ. ನಾಲ್ಕು ಜನ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಪಕ್ಕದ ಶೆಡ್ಡಿನಲ್ಲಿ ರೆಕ್ಕೆ ಅಲುಗಾಡತೊಡಗಿತು, ನಮ್ಮ ಪೆನ್ನು ಅಲೆ ಎಳೆಯತೊಡಗಿತು. ನಾನೂ ಡೊಮಿನಿಕ್ಕೂ ಯಂತ್ರದ ಪಕ್ಕದಲ್ಲಿ ನಿಂತಿದ್ದೆವು. ಹಿರಿಯ ಅಧಿಕಾರಿಯೊಬ್ಬರು ಕತ್ತಿನ ಬೆವರು ಒರೆಸಿಕೊಂಡರು. ವಾಸುದೇವಯ್ಯನವರಿಗೆ ಅದು ಕಾಣಬಾರದಿತ್ತು, ಕಂಡಿತು. ಅತಿಥಿಗೆ ಸೆಕೆಯಾಗುತ್ತಿದೆ ಎಂಬುದೊಂದೇ ಅವರ ತಲೆಯಲ್ಲಿ. ಮೂಲೆಯಲ್ಲಿದ್ದ ಹಳೆಯ ಟೇಬಲ್ ಫ್ಯಾನಿನ ಕಡೆ ನಡೆದರು. ಸ್ವಿಚ್ಚು ಹಾಕಿದರೆ ಕಿಡಿ ಹಾರಿ ನಮ್ಮ ತಂತಿಗಳಲ್ಲೆಲ್ಲ ಗೊಂದಲ ಎಬ್ಬಿಸುವ ಫ್ಯಾನು ಅದು. ಅದನ್ನು ಮುಟ್ಟಬಾರದೆಂದು ಚೀಟಿ ಅಂಟಿಸಿದವರೂ ಅವರೇ. ಡೊಮಿನಿಕ್ ಒಂದು ಹೆಜ್ಜೆ ಮುಂದಿಟ್ಟ, ಅಷ್ಟರಲ್ಲಿ ಟಕ್ಕೆಂದಿತು.

ಕಾರ್ಡಿನ ಮೇಲಿನ ಕೆಂಪು ದೀಪ ಒಮ್ಮೆ ಮಿಣುಕಿ ಆರಿತು.

ನಾನು ಪೆನ್ನನ್ನು ನೋಡಿದೆ. ಅದು ತನ್ನ ಪಾಡಿಗೆ ಅಲೆ ಎಳೆಯುತ್ತಲೇ ಇತ್ತು. ಕಿಡಿ ಹಾರಿದಾಗ ಒಂದು ಪಾತ್ರೆಯಷ್ಟು ಅಳತೆ ಕೆಟ್ಟಿತ್ತು. ಹೊಟ್ಟೆ ತುಂಬಿತೇ ಎಂದು ಕಾರ್ಡು ಕೇಳಿತ್ತು. ಇಲ್ಲ ಎಂದು ಪ್ರೊಸೆಸರು ಹೇಳಿತ್ತು. ಕಾರ್ಡು ಮತ್ತೆ ಬಡಿಸಿತ್ತು. ಕಾಗದದ ಮೇಲೆ ಅದರ ಗುರುತೇ ಇಲ್ಲ. ಅಧಿಕಾರಿ ಗಾಳಿಗೆ ಮುಖವೊಡ್ಡಿ, ಬಹಳ ಉಪಕಾರವಾಯಿತು ಎಂದರು. ವಾಸುದೇವಯ್ಯನವರು ತಾವು ಮಾಡಿದ್ದೇನೆಂದು ಆಗ ಅರಿವಾಗಿ, ಬೆಳ್ಳಗಾದ ಮುಖದಿಂದ ನನ್ನ ಕಡೆ ನೋಡಿದರು. ನಾನು ಕೆಂಪು ದೀಪದ ಕಡೆ ಬೆರಳು ತೋರಿಸಿ ಕೈ ಮುಗಿದೆ. ಯಂತ್ರ ಉಳಿಯಿತು. ನಮ್ಮವರು ಯಾರೂ ಗೋದಾಮಿಗೆ ಹೋಗಲಿಲ್ಲ. ಅಧಿಕಾರಿಗಳು ಹೊರಡುವಾಗ ಬಾಗಿಲಲ್ಲಿ ಮತ್ತೆ ನೀವು ಮೊದಲು, ನೀವು ಮೊದಲು ನಡೆಯಿತು, ಡೊಮಿನಿಕ್ ಅಭ್ಯಾಸದಂತೆ ಕಿಟಕಿ ಹಾರಿದ.

ವಾಸುದೇವಯ್ಯನವರು ನಿವೃತ್ತರಾಗುವ ದಿನ ತಮ್ಮ ಮೇಜು ಖಾಲಿ ಮಾಡುತ್ತಿದ್ದರು. ನಾನು ಸಹಾಯಕ್ಕೆ ನಿಂತಿದ್ದೆ. ಡ್ರಾಯರಿನ ತಳದಿಂದ ಹಳೆಯ ಕಾರ್ಡನ್ನು, ಚಿಪ್ಪು ಕಿತ್ತ ಆ ಬೋಳು ಹಲಗೆಯನ್ನು ತೆಗೆದರು. ಗುಜರಿಗೆ ಹೋಗಬೇಕಾದದ್ದು, ಆದರೂ ಅದನ್ನು ಹೊರಗೆ ಒಯ್ಯಲು ಗೇಟ್ ಪಾಸು ಬರೆಸಿ ಇಟ್ಟಿದ್ದರು. ಎಷ್ಟೋ ಸಂಜೆಗಳನ್ನು ಅವರು ಅದಕ್ಕೆ ಮರ್ಯಾದೆ ಕಲಿಸುವುದರಲ್ಲಿ ಕಳೆದಿದ್ದರು. ಕರ್ಚೀಫಿನಿಂದ ಒರೆಸಿ, ನನ್ನ ಕಡೆ ಹಿಡಿದು, ಇದು ನಿಮಗೆ ಎಂದರು.

ನನಗೆ ಅದು ಎಷ್ಟು ಬೇಕಾಗಿತ್ತೆಂದರೆ ಕಣ್ಣು ತುಂಬಿ ಬಂತು. ಆದರೆ ಹಲಸೂರಿನ ವಠಾರದಲ್ಲಿ ಅಮ್ಮ ಜಡೆ ಬಿಗಿಯುತ್ತ ಹೇಳಿದ್ದು ಬಾಯಿಗೆ ಮೊದಲು ಬಂತು. ಬೇಡ ಸರ್, ನಿಮ್ಮ ಹತ್ತಿರವೇ ಇರಲಿ ಅಂದೆ. ಇಟ್ಟುಕೊಳ್ಳಿ ವಿಜಯಮ್ಮನವರೇ ಎಂದರು. ಬೇಡ ಸರ್ ಅಂದೆ, ಈ ಸಲ ಆದಷ್ಟು ಮೆತ್ತಗೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಕಾರ್ಡನ್ನು ತಿರುಗಿಸಿ ನೋಡಿದರು. ಪಕ್ಕದಲ್ಲಿ ಅವರ ಕೈಚೀಲ ಬಾಯಿ ತೆರೆದುಕೊಂಡಿತ್ತು. ದೊಡ್ಡಮ್ಮನ ಡಬ್ಬಿಯ ಮುಚ್ಚಳ ಕೂತ ಶಬ್ದ ನನ್ನ ಕಿವಿಯಲ್ಲಿ ಕೇಳಿದಂತಾಯಿತು.

ಅವರು ಮೂರನೇ ಸಲ ಕೇಳಿದರು.